ಎರಡೂವರೆ ಮೇಸ್ತ್ರಿಯ ಕೈ

ಆಕೆ ಮೇಸ್ತ್ರಿಯನ್ನು ಮೊದಲು ನೋಡಿದ ದಿನ ಅವರು ಗೇರ್‌ಬಾಕ್ಸೊಂದರ ಹೊಟ್ಟೆಗೆ ಕಿವಿ ಕೊಟ್ಟು ನಿಂತಿದ್ದರು. ಬಲಗೈಯಲ್ಲಿ ಕಂಪ್ರೆಸರಿನ ಗಾಳಿ ಪೈಪು. ಅದರ ಮೂತಿಯನ್ನು ಒಂದು ಸಣ್ಣ ತೂತಿಗೆ ಇಟ್ಟು ಒತ್ತಿದರೆ ಒಳಗೆ ದಬ್ ಎಂದು ಏನೋ ಅಪ್ಪಿಕೊಂಡ ಸದ್ದಾಗುತ್ತಿತ್ತು. ಬಿಟ್ಟರೆ ಸುಮ್ಮನಾಗುತ್ತಿತ್ತು. ಮತ್ತೆ ಒತ್ತಿದರು, ಮತ್ತೆ ದಬ್. ಅವರ ಮುಖದಲ್ಲಿ ಸಂತೋಷವೂ ಇರಲಿಲ್ಲ, ಬೇಸರವೂ ಇರಲಿಲ್ಲ. ಬಾಗಿಲ ಆಚೆ ಯಾರೋ ಬಂದರೇನೋ ಎಂದು ಕೇಳಿಸಿಕೊಳ್ಳುವವರ ಹಾಗೆ ನಿಂತಿದ್ದರು.

ವರ್ಕ್‌ಶಾಪಿನ ಯಜಮಾನರು ಆಕೆಯನ್ನು ಕರೆದುಕೊಂಡು ಬಂದು ಎರಡು ಮಾರು ದೂರದಲ್ಲಿ ನಿಂತರು. ಮೇಸ್ತ್ರಿ ಕೇಳಿಸಿಕೊಳ್ಳುವಾಗ ಯಜಮಾನರೂ ಮಾತಾಡುತ್ತಿರಲಿಲ್ಲ. ಕೊನೆಗೆ ಪೈಪು ಕೆಳಗಿಟ್ಟ ಮೇಲೆ ಹೇಳಿದರು.

"ಮೇಸ್ತ್ರೀ, ಇವರು ಪಾರ್ಟು ತೊಳೆಯೋದಕ್ಕೆ. ನಮ್ಮ ಆ ಉದ್ದ ಲಾರಿ ಡ್ರೈವರ್ ಇದ್ರಲ್ಲ, ಅವರ ಮನೆಯವರು."

ಆಕೆಯ ಗಂಡ ಹೋಗಿ ಆಗ ನಾಲ್ಕು ತಿಂಗಳು. ಮಧ್ಯಾಹ್ನ ಉಂಡು, ಲಾರಿಯ ಸೀಟಿನ ಮೇಲೆ ಕಾಲು ಚಾಚಿ ಮಲಗಿದವರು ಏಳಲಿಲ್ಲ. ಹಣೆಯ ಮೇಲೆ ಬಿಸಿಲು ಬೀಳದಿರಲಿ ಎಂದು ಕಿಟಕಿಗೆ ಟವೆಲು ಸಿಕ್ಕಿಸಿದ್ದರಂತೆ. ಆ ಟವೆಲನ್ನು ಯಾರೋ ತಂದುಕೊಟ್ಟರು. ಆಕೆ ಒಗೆದಳು, ಒಣಗಿಸಿದಳು, ಮಡಚಿಟ್ಟಳು. ಅಳು ಬರಲಿಲ್ಲ. ಬರಲಿಲ್ಲವಲ್ಲ ಎಂದು ಬೇಸರವೂ ಆಗಲಿಲ್ಲ. ಅಡುಗೆಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನಾಲಿಗೆಗೆ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಚಮಚದ ಲೆಕ್ಕದಲ್ಲಿ ಹಾಕುವ ಅಭ್ಯಾಸ ಮಾಡಿಕೊಂಡಿದ್ದಳು.

ಮೇಸ್ತ್ರಿ ಆಕೆಯ ಕಡೆ ನೋಡದೆಯೇ ಕೇಳಿದರು.

"ಎಣಿಸೋಕೆ ಬರುತ್ತಾ ಅಮ್ಮಾ?"

"ಎಲ್ಲಿವರೆಗೆ?" ಎಂದಳು ಆಕೆ.

ಆಗ ತಿರುಗಿದರು. "ಎಲ್ಲಿವರೆಗೆ ಅಂತ ಕೇಳಿದವರು ನೀವೇ ಮೊದಲು. ಎಲ್ಲರೂ ಬರುತ್ತೆ ಅಂತಾರೆ. ಆಮೇಲೆ ಏಳು ವಾಷರ್ ತೊಳೆಯೋಕೆ ಕೊಟ್ರೆ ಆರು ವಾಪಸ್ ಬರುತ್ತೆ. ಏಳನೇದು ಎಲ್ಲಿ ಅಂದ್ರೆ ಮುಖ ಮುಖ ನೋಡ್ತಾರೆ."

"ಏಳು ಕೊಟ್ರೆ ಏಳು ಕೊಡ್ತೀನಿ."

"ಸಾಕು ಬಿಡಿ. ನಮಗೆ ಅದಕ್ಕಿಂತ ಹೆಚ್ಚು ವಿದ್ಯೆ ಬೇಡ."

ಹಾಗೆ ಶುರುವಾಯಿತು.

ತೊಳೆಯುವ ಜಾಗ ವರ್ಕ್‌ಶಾಪಿನ ಹಿಂಬದಿಯ ಗೋಡೆಗೆ ಅಂಟಿಕೊಂಡಿತ್ತು. ಮೂರು ತಗಡಿನ ಟ್ರೇ, ಎರಡು ಬ್ರಷ್ಷು, ಒಂದು ಎತ್ತರದ ಸ್ಟೂಲು. ಮೊದಲ ಟ್ರೇಯಲ್ಲಿ ಕೊಳೆ ಬಿಡಿಸುವ ಎಣ್ಣೆ, ಎರಡನೆಯದರಲ್ಲಿ ಸ್ವಚ್ಛ ಎಣ್ಣೆ, ಮೂರನೆಯದು ಖಾಲಿ. ಅಲ್ಲಿ ಪಾರ್ಟುಗಳು ಗಾಳಿಗೆ ಒಣಗಬೇಕು. ಬಟ್ಟೆಯಲ್ಲಿ ಒರೆಸಬಾರದು. ಬಟ್ಟೆಯ ಒಂದು ಎಳೆ ಒಳಗೆ ಉಳಿದರೆ ಕೂದಲಿನಷ್ಟು ಸಣ್ಣ ದಾರಿಗೆ ಅಡ್ಡ ಬಿದ್ದು ಲಾರಿಯನ್ನೇ ನಿಲ್ಲಿಸುತ್ತದೆ ಎಂದು ಮೇಸ್ತ್ರಿ ಹೇಳಿದ್ದರು. ಆಕೆಗೆ ಒಂದೇ ಸಲ ಹೇಳಿದರೆ ಸಾಕಾಗುತ್ತಿತ್ತು. ಹೊಸದಾಗಿ ಯೋಚನೆ ಮಾಡುವುದು ಏನೂ ಇಲ್ಲದ ಕೆಲಸ ಆಕೆಗೆ ಬೇಕಾಗಿತ್ತು. ಬೆಳಿಗ್ಗೆ ಬಂದು ಏಪ್ರನ್ ಕಟ್ಟಿಕೊಂಡರೆ ಸಂಜೆ ಬಿಚ್ಚುವ ತನಕ ತಲೆಯಲ್ಲಿ ಏನೂ ಓಡುತ್ತಿರಲಿಲ್ಲ. ಕೊಟ್ಟಿದ್ದನ್ನು ಎಣಿಸುವುದು, ತೊಳೆಯುವುದು, ತೊಳೆದದ್ದನ್ನು ಎಣಿಸುವುದು.

ಆ ವರ್ಕ್‌ಶಾಪಿಗೆ ಬರುತ್ತಿದ್ದುದು ಆಟೋಮ್ಯಾಟಿಕ್ ಲಾರಿಗಳ ಗೇರ್‌ಬಾಕ್ಸು. ಕ್ಲಚ್ಚು ತುಳಿಯದೆ, ಗೇರಿನ ಕಡ್ಡಿ ಜಗ್ಗದೆ, ತಾನಾಗಿಯೇ ಗೇರು ಬದಲಾಯಿಸುವಂಥವು. ಕಸದ ಲಾರಿ, ನೀರಿನ ಟ್ಯಾಂಕರು, ಹೀಗೆ ಹೆಜ್ಜೆಗೊಮ್ಮೆ ನಿಂತು ಹೊರಡುವ ಗಾಡಿಗಳೇ ಜಾಸ್ತಿ. ಬಿಚ್ಚುವವರು ಬೇರೆ, ಜೋಡಿಸುವವರು ಬೇರೆ, ಕೊನೆಯಲ್ಲಿ ಬ್ಯಾಂಡು ಹೊಂದಿಸುವವರು ಮೇಸ್ತ್ರಿ ಒಬ್ಬರೇ. ಮೂವತ್ತನಾಲ್ಕು ವರ್ಷದಿಂದ ಅದೇ ಕೆಲಸ.

ಒಂದು ದಿನ ಊಟದ ಹೊತ್ತಿನಲ್ಲಿ ಆಕೆ ಕೇಳಿದಳು, ಬ್ಯಾಂಡು ಎಂದರೆ ಏನು ಎಂದು. ಮೇಸ್ತ್ರಿ ಊಟದ ಡಬ್ಬಿಯನ್ನು ಮಗುಚಿಟ್ಟು, ತಮ್ಮ ಬೆಲ್ಟು ಬಿಚ್ಚಿ ಅದರ ಸುತ್ತ ಸುತ್ತಿದರು.

"ಇದು ತಿರುಗೋ ಡೋಲು. ಇದು ಅದರ ಸೊಂಟಪಟ್ಟಿ. ಪಟ್ಟಿ ಬಿಗಿ ಹಿಡಿದ್ರೆ ಡೋಲು ನಿಲ್ಲುತ್ತೆ, ಒಂದು ಗೇರು ಬೀಳುತ್ತೆ. ಪಟ್ಟಿ ಬಿಟ್ರೆ ಡೋಲು ತಿರುಗುತ್ತೆ. ಬಿಟ್ಟಾಗ ಪಟ್ಟಿಗೂ ಡೋಲಿಗೂ ನಡುವೆ ಎಷ್ಟು ಜಾಗ ಇರ್ಬೇಕು ಅನ್ನೋದೇ ನಮ್ಮ ಹೊಟ್ಟೆಪಾಡು. ಜಾಸ್ತಿ ಇದ್ರೆ ಜಾರುತ್ತೆ. ಕಡಿಮೆ ಇದ್ರೆ ಸದಾ ಉಜ್ಜಿಕೊಂಡೇ ಇದ್ದು ಸುಟ್ಟು ಹೋಗುತ್ತೆ."

"ಎಷ್ಟು ಜಾಗ ಅಂತ ಹೇಗೆ ಗೊತ್ತಾಗುತ್ತೆ?"

"ಸ್ಕ್ರೂನ ಬಿಗಿ ಮಾಡು, ಬಿಗಿ ಅಳೆಯೋ ಸ್ಪ್ಯಾನರು, ಈ ಟಾರ್ಕ್ ಪಾನಾ, ಕಟ್ ಅನ್ನೋ ತನಕ. ಅಲ್ಲಿಂದ ಹಿಂದಕ್ಕೆ ಎಣಿಸಿ ತಿರುಗಿಸು. ಮುಂದಿನ ಬ್ಯಾಂಡಿಗೆ ಎರಡೂವರೆ ಸುತ್ತು, ರಿವರ್ಸ್ ಹಿಡಿಯೋ ಹಿಂದಿನದಕ್ಕೆ ಎರಡು. ಆಮೇಲೆ ಸ್ಕ್ರೂ ಅಲ್ಲಾಡದ ಹಾಗೆ ಅದರ ತಲೆಗೆ ಕಡ್ಡಿಯಂಥ ಈ ಕೀಲಿ ಹಾಕಿ ಹಿಡ್ಕೊಂಡು, ಮೇಲಿನ ಲಾಕ್ ನಟ್ಟು ಬಿಗಿ ಮಾಡು. ಎಣಿಸೋದು ಯಾರು ಬೇಕಾದ್ರೂ ಎಣಿಸ್ತಾರೆ. ಹಿಡ್ಕೊಳ್ಳೋದೇ ಕಷ್ಟ. ನಟ್ಟು ತಿರುಗುವಾಗ ಸ್ಕ್ರೂನೂ ತನ್ನ ಜೊತೆ ಬಾ ಅಂತ ಕರೆಯುತ್ತೆ. ಹೋಗ್ತಿದೆ ಅಂತ ಬೆರಳಿಗೆ ಗೊತ್ತಾಗ್ಬೇಕು. ಕಣ್ಣಿಗೆ ಗೊತ್ತಾಗಲ್ಲ."

ಈ ಎರಡೂವರೆ ಸುತ್ತಿನಿಂದಲೇ ಅವರಿಗೆ ಎರಡೂವರೆ ಮೇಸ್ತ್ರಿ ಎಂದು ಹೆಸರು ಬಿದ್ದದ್ದು. ಮನೆಯಲ್ಲಿ ಹೆಂಡತಿ ಎಷ್ಟು ಹೊತ್ತಿಗೆ ಬರ್ತೀರಿ ಎಂದರೂ ಎರಡೂವರೆ ಎನ್ನುತ್ತಾರೆ ಎಂದು ವರ್ಕ್‌ಶಾಪಿನವರು ಆಡಿಕೊಳ್ಳುತ್ತಿದ್ದರು.

ಮೂರನೆಯ ತಿಂಗಳಿನಿಂದ ಮೇಸ್ತ್ರಿ ಆಕೆಯನ್ನು ತಂಗಿ ಎಂದು ಕರೆಯತೊಡಗಿದರು. ನೀವು ಹೋಗಿ ನೀನು ಬಂತು. ಯಾಕೆ, ಏನು ಎಂದು ಇಬ್ಬರೂ ಮಾತಾಡಲಿಲ್ಲ.

ಎರಡು ವರ್ಷ ಕಳೆಯಿತು. ಆ ಎರಡು ವರ್ಷದಲ್ಲಿ ಆಕೆಯ ಮಗಳ ಮದುವೆಯಾಯಿತು, ಮನೆ ಇನ್ನೂ ಖಾಲಿಯಾಯಿತು. ಆಕೆಗೆ ಅದೂ ಹತ್ತಿರದ ಮನೆಯ ಸುದ್ದಿಯಂತೆ ಕೇಳಿಸಿತು. ನಾಲಿಗೆಗೆ ಉಪ್ಪು ಮಾತ್ರ ಸ್ವಲ್ಪ ಸ್ವಲ್ಪ ತಿಳಿಯುತ್ತಿತ್ತು.

ಒಂದು ಬೆಳಿಗ್ಗೆ ಮೇಸ್ತ್ರಿ ಸ್ಪ್ರಿಂಗು ಕೂರುವ ಒಂದು ಚಿಕ್ಕ ಬಟ್ಟಲು ತಂದು ಆಕೆಯ ಟ್ರೇಗೆ ಹಾಕಿದರು. ಅವರ ಬಲಗೈಯ ತೋರುಬೆರಳಿನಿಂದ ಕೆಂಪಗೆ ಇಳಿಯುತ್ತಿತ್ತು. ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಆಯಿಲು ಕೆಂಪು. ಅಲ್ಲಿ ಎಲ್ಲರ ಕೈಯೂ ದಿನವಿಡೀ ಕೆಂಪಗೇ ಇರುತ್ತದೆ, ಯಾರೂ ನೋಡುವುದಿಲ್ಲ. ಮೇಸ್ತ್ರಿಯೂ ನೋಡದೆ ಪ್ಯಾಂಟಿಗೆ ಒರೆಸಿಕೊಂಡರು. ಅದು ಮತ್ತೆ ಇಳಿಯಿತು.

"ಮೇಸ್ತ್ರೀ, ಅದು ಆಯಿಲಲ್ಲ," ಎಂದಳು ಆಕೆ.

"ಹಾಂ?"

"ಆಯಿಲು ಹೀಗೆ ಹನಿ ಕಟ್ಟಲ್ಲ."

ಮೇಸ್ತ್ರಿ ಬೆರಳನ್ನು ಕಣ್ಣಿನ ಹತ್ತಿರ ಹಿಡಿದರು. ತುದಿಯಲ್ಲಿ ಕಬ್ಬಿಣದ ಚೂರೊಂದು ಉಗುರಿನ ಉದ್ದಕ್ಕೆ ಒಳಗೆ ಹೋಗಿತ್ತು. ಅವರು ಅದನ್ನು ಬೇರೆಯವರ ಬೆರಳು ನೋಡುವಂತೆ ನೋಡಿದರು. ಆಕೆ ಚಿಮಟಿಗೆಯಿಂದ ಎಳೆದು ತೆಗೆದಳು. ಎಳೆಯುವಾಗ ಅವರು ಮುಖ ಹಿಂಡಲಿಲ್ಲ. ಆಕೆ ಅವರ ಮುಖವನ್ನೇ ನೋಡುತ್ತಾ ಎಳೆದಿದ್ದಳು.

"ಯಾವಾಗಿಂದ?" ಎಂದು ಕೇಳಿದಳು.

"ನೀನು ಬಂದ ವರ್ಷ ತುದಿ ಮಾತ್ರ ಮರಗಟ್ಟಿತ್ತು. ಈಗ ಗೆಣ್ಣಿನ ತನಕ ಬಂದಿದೆ. ಎಡಗೈ ಪರವಾಗಿಲ್ಲ."

"ಅಕ್ಕನಿಗೆ ಗೊತ್ತಾ?" ಅಕ್ಕ ಎಂದರೆ ಮೇಸ್ತ್ರಿಯ ಹೆಂಡತಿ.

"ಅವಳಿಗೆ ಗೊತ್ತಾದ್ರೆ ಬೀದಿಗೆಲ್ಲ ಗೊತ್ತಾದ ಹಾಗೆ. ಯಜಮಾನರಿಗೆ ಗೊತ್ತಾದ್ರೆ ನನ್ನನ್ನ ಬಾಗಿಲ ಮುಂದಿನ ಕುರ್ಚಿ ಮೇಲೆ ಕೂರಿಸ್ತಾರೆ. ಬ್ಯಾಂಡು ಬಿಟ್ರೆ ನನಗೆ ಏನು ಬರುತ್ತೆ ತಂಗಿ? ಬಾಗಿಲಲ್ಲಿ ಕೂತು ಬಂದವರ ಚಪ್ಪಲಿ ಎಣಿಸ್ಲಾ?"

ಆಕೆ ಗಾಯಕ್ಕೆ ಬಟ್ಟೆ ಸುತ್ತಿದಳು. ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಮೇಸ್ತ್ರಿ ಬೆಂಚಿನ ಹತ್ತಿರ ಕರೆದು ಕೀಲಿಯನ್ನು ಆಕೆಯ ಕೈಗೆ ಕೊಟ್ಟರು.

"ಸುಮ್ಮನೆ ಹಿಡ್ಕೋ. ನಾನು ನಟ್ಟು ತಿರುಗಿಸ್ತೀನಿ. ಸ್ಕ್ರೂ ಹೊರಡೋಕೆ ನೋಡುತ್ತೆ, ಹೋಗೋಕೆ ಬಿಡ್ಬೇಡ. ಜಗಳಾನೂ ಆಡ್ಬೇಡ."

ಆಕೆ ಹಿಡಿದಳು. ನಟ್ಟು ತಿರುಗಿದಂತೆ ಕೀಲಿಯ ಕೊನೆಯಲ್ಲಿ ಸಣ್ಣ ಎಳೆತ ತಿಳಿಯಿತು. ಮಲಗಿದ ಮಗು ಸೆರಗು ಎಳೆದಷ್ಟು. ಎಷ್ಟೋ ತಿಂಗಳ ಮೇಲೆ ಆಕೆಯ ಮೈಗೆ ಏನೋ ಒಂದು ಸರಿಯಾಗಿ ತಿಳಿದದ್ದು ಅದೇ.

ಆಮೇಲೆ ಮೂರು ವರ್ಷ ಹಾಗೇ ನಡೆಯಿತು. ಆಕೆಯ ಕಣ್ಣು ಚುರುಕು, ಅದಕ್ಕೆ ಕರೀತೀನಿ ಎಂದು ಮೇಸ್ತ್ರಿ ಎಲ್ಲರಿಗೂ ಹೇಳಿದರು. ಎರಡೂವರೆಗೆ ಅರ್ಧ ಸೇರಿ ಈಗ ಮೂರಾಯ್ತು ಎಂದು ಬಿಚ್ಚುವವರು ನಕ್ಕರು. ಕೆಲಸ ಮುಗಿದು ಲಾರಿ ಹೊರಗೆ ನಿಂತಾಗ ಇಬ್ಬರೂ ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದರು. ಡ್ರೈವರು ರಿವರ್ಸಿಗೆ ಹಾಕಿದ ಕೂಡಲೇ ಎಣಿಸಬೇಕು. ಗಾಡಿ ಹಿಂದಕ್ಕೆ ಮೈ ಕೊಡುವ ಹೊತ್ತಿಗೆ ಒಂದು ಎಂದು ನಿಧಾನವಾಗಿ ಹೇಳಿ ಮುಗಿದಿರಬೇಕು. ಒಂದು ಎನ್ನುವ ಮೊದಲೇ ಹಿಡಿದರೆ ಬಿಗಿ ಜಾಸ್ತಿಯಾಗಿದೆ. ಎರಡರ ತನಕ ಹೋದರೆ ಸವೆದಿದೆ. ಎಣಿಸಿ ಇಬ್ಬರೂ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಇಬ್ಬರದೂ ಒಂದೇ ಬಂದರೆ ಮೇಸ್ತ್ರಿ ಡ್ರೈವರಿಗೆ ಹೋಗು ಎಂದು ಕೈ ಬೀಸುತ್ತಿದ್ದರು.

ಮೂರನೆಯ ವರ್ಷದ ಕೊನೆಯಲ್ಲಿ ಮಗಳ ಹೆರಿಗೆ ಬಂತು. ಆಕೆ ಹನ್ನೆರಡು ದಿನ ರಜೆ ಹಾಕಬೇಕಾಯಿತು. ಹೋಗುವ ಮೊದಲು ಮೇಸ್ತ್ರಿಗೆ ಹೇಳಿದಳು, ನಾನು ಬರೋ ತನಕ ಬ್ಯಾಂಡಿನ ಕೆಲಸ ನಿಲ್ಲಿಸಿ, ಬಾಕ್ಸುಗಳನ್ನು ಜೋಡಿಸಿ ಇಟ್ಟುಕೊಳ್ಳಿ ಎಂದು. ಮೇಸ್ತ್ರಿ ಆಗಲಿ ಎಂದರು. ಮಗಳಿಗೆ ಹೆಣ್ಣು ಮಗುವಾಯಿತು. ಆಕೆ ಮಗುವನ್ನು ಎತ್ತಿಕೊಂಡಳು. ಮಗುವಿನ ಕೈ ಆಕೆಯ ಕಿರುಬೆರಳನ್ನು ಹಿಡಿಯಿತು. ಎಷ್ಟು ಬಿಗಿ ಹಿಡಿದಿದೆ ಎಂದು ಆಕೆ ನೋಡಿದಳು, ಅಷ್ಟೇ.

ಹದಿಮೂರನೆಯ ದಿನ ಕೆಲಸಕ್ಕೆ ಬಂದಾಗ ವರ್ಕ್‌ಶಾಪಿನ ಬಾಗಿಲಲ್ಲಿ ಕಸದ ಲಾರಿಯ ಡ್ರೈವರು ನಿಂತಿದ್ದ. ಸುಮ್ಮಸುಮ್ಮನೆ ಹಾರನ್ನು ಹೊಡೆಯುವ ಚಟಕ್ಕೆ ಎಲ್ಲರೂ ಅವನನ್ನು ಪೀಪಿ ಎನ್ನುತ್ತಿದ್ದರು. ಗಾಡಿಯನ್ನು ರಸ್ತೆಯಲ್ಲಿ ನಿಲ್ಲಿಸಿ, ಟೀ ಕುಡಿಯುತ್ತಾ ಮೇಸ್ತ್ರಿಯನ್ನು ಹೊಗಳುತ್ತಿದ್ದ.

"ಮೇಸ್ತ್ರೀ, ಏನ್ ಮಾಡಿದ್ದೀರಿ ನೀವು? ಮೊದ್ಲು ರಿವರ್ಸಿಗೆ ಹಾಕಿ ಒಂದು ಆಕಳಿಕೆ ಮುಗಿಸ್ತಿದ್ದೆ. ಈಗ ಹಾಕೋದೇ ತಡ, ಕಪಾಳಕ್ಕೆ ಬಿಟ್ಟ ಹಾಗೆ ಹಿಡಿಯುತ್ತೆ. ನನ್ನ ಹೆಂಡತಿಗೂ ಅಷ್ಟು ಬೇಗ ಕೋಪ ಬರಲ್ಲ."

ಸುತ್ತ ಇದ್ದವರು ನಕ್ಕರು. ಮೇಸ್ತ್ರಿಯೂ ನಕ್ಕರು. ನಗುತ್ತಾ ಆಕೆಯ ಕಡೆ ನೋಡಿದರು. ಆಕೆ ನಗಲಿಲ್ಲ.

"ಯಾವಾಗ ಮಾಡಿದ್ದು ಇದನ್ನ?" ಎಂದು ಪೀಪಿಯನ್ನೇ ಕೇಳಿದಳು.

"ಐದು ದಿನ ಆಯ್ತಮ್ಮ. ದೊಡ್ಡಾಸ್ಪತ್ರೆ ಹಿಂದಿನ ಏರು ಗಲ್ಲಿ ಗೊತ್ತಲ್ಲ? ಮೇಲೆ ಗಾಡಿ ತಿರುಗಿಸೋಕೆ ಜಾಗ ಇಲ್ಲ. ಕೆಳಗಿಂದಾನೇ ಹಿಂದೆ ಹಿಂದೆ ಹತ್ತಿಸ್ತೀನಿ. ಈಗ ಕುದುರೆ ಹಾಗೆ ಹತ್ತುತ್ತೆ."

ಆಕೆಗೆ ಆ ಗಲ್ಲಿ ಗೊತ್ತಿತ್ತು. ಏರು ಮುಗಿಯುವ ತನಕ ಎರಡೂ ಕಡೆ ಗೋಡೆ, ಕೆಳಗೆ ನಾಲ್ಕು ರಸ್ತೆ ಸೇರುವ ಕಡೆ ಬಸ್ಸಿಗೆ ಕಾಯುವ ಜನ. ಕಸ ತುಂಬಿದ ಲಾರಿ ಅಲ್ಲಿ ಅರ್ಧ ಹತ್ತಿದಾಗ ರಿವರ್ಸು ಕೈಬಿಟ್ಟರೆ ಅದು ಮೂತಿ ಮುಂದೆ ಮಾಡಿಕೊಂಡು ಇಳಿಯುವುದು ಆ ಜನರ ಮೇಲೆಯೇ. ಬ್ರೇಕು ಇದೆ, ನಿಜ. ಬ್ರೇಕು ಎಷ್ಟು ಬೇಗ ನೆನಪಾಗುತ್ತದೆ ಎಂಬುದು ಬೇರೆ ಮಾತು.

ಪೀಪಿ ಹಾರನ್ನು ಹೊಡೆದುಕೊಂಡು ಹೋದ. ಊಟದ ಹೊತ್ತಿಗೆ ಆಕೆ ಮೇಸ್ತ್ರಿಯ ಬೆಂಚಿನ ಹತ್ತಿರ ಹೋಗಿ ನಿಂತಳು.

"ಕೀಲಿ ಯಾರು ಹಿಡಿದಿದ್ರು?"

"ನಾನೇ."

"ಯಾವ ಕೈಯಲ್ಲಿ?"

"ಎಡಗೈಯಲ್ಲಿ. ಬಲಗೈಯಲ್ಲಿ ಪಾನಾ. ಎರಡು ಸುತ್ತು ಸರಿಯಾಗಿ ಎಣಿಸಿದ್ದೀನಿ ತಂಗಿ. ಯಜಮಾನರು ಗಾಡಿ ನಾಳೇನೇ ಬೇಕಂತೆ ಅಂದ್ರು. ಇಲ್ಲ ಅನ್ನೋಕೆ ಏನು ಕಾರಣ ಹೇಳ್ಲಿ?"

"ಎಣಿಸಿದ್ದು ಸರಿ ಇರ್ಬಹುದು. ನಟ್ಟು ಬಿಗಿ ಮಾಡುವಾಗ ಸ್ಕ್ರೂ ಹೋಯ್ತಾ?"

ಮೇಸ್ತ್ರಿ ಡಬ್ಬಿಯ ಮುಚ್ಚಳ ಹಾಕಿದರು. ಅದು ಸರಿಯಾಗಿ ಕೂತಿರಲಿಲ್ಲ. ಅವರಿಗೆ ತಿಳಿಯಲಿಲ್ಲ.

"ಗೊತ್ತಾಗ್ಲಿಲ್ಲ," ಎಂದರು.

"ಎಡಗೈ ಪರವಾಗಿಲ್ಲ ಅಂದಿದ್ರಿ."

"ಅದು ಮೂರು ವರ್ಷದ ಹಿಂದಿನ ಮಾತು."

ಆಕೆ ಮುಚ್ಚಳವನ್ನು ಒತ್ತಿ ಕೂರಿಸಿದಳು. "ಆ ಗಾಡಿ ವಾಪಸ್ ಬರ್ಬೇಕು ಮೇಸ್ತ್ರೀ."

"ಬಂದ್ರೆ ಯಾಕೆ ಅಂತ ಕೇಳ್ತಾರೆ."

"ಕೇಳ್ತಾರೆ."

"ನಾಳೆ ತನಕ ಸುಮ್ಮನಿರು. ಯೋಚನೆ ಮಾಡ್ತೀನಿ."

ಆಕೆ ಸುಮ್ಮನಿದ್ದಳು. ಆ ಮಧ್ಯಾಹ್ನ ನಲವತ್ತೊಂದು ಪಾರ್ಟು ತೊಳೆದಳು. ನಲವತ್ತೊಂದೂ ಸರಿಯಾಗಿತ್ತು. ರಸ್ತೆಯಲ್ಲಿ ಎಲ್ಲಾದರೂ ಜೋರಾಗಿ ಸದ್ದಾದರೆ ಬ್ರಷ್ಷು ನಿಲ್ಲುತ್ತಿತ್ತು, ಮತ್ತೆ ನಡೆಯುತ್ತಿತ್ತು. ಹೆದರಿಕೆ ಎಂದು ಅದಕ್ಕೆ ಹೆಸರಿಡಲು ಆಕೆಗೆ ತೋಚಲಿಲ್ಲ. ಹೇಳಬೇಕಾಗಿದ್ದದ್ದು ಯಜಮಾನರಿಗೆ ಎಂದು ಗೊತ್ತಿತ್ತು. ಯಜಮಾನರು ಇಪ್ಪತ್ತು ಹೆಜ್ಜೆ ದೂರದಲ್ಲೇ ಇದ್ದರು. ನಾಳೆ ಬೆಳಿಗ್ಗೆ ಮೇಸ್ತ್ರಿ ಹೇಳದಿದ್ದರೆ ತಾನೇ ಹೇಳುವುದು ಎಂದುಕೊಂಡಳು. ಒಂದು ದಿನದ ಮಟ್ಟಿಗೆ ಆ ಜನರನ್ನು, ಆ ಗಲ್ಲಿಯ ಕೆಳಗೆ ಬಸ್ಸಿಗೆ ಕಾಯುವವರನ್ನು, ಆಕೆ ಹಾಗೇ ಬಿಟ್ಟಳು. ಈ ಮಾತನ್ನು ಆಕೆ ಯಾವತ್ತೂ ಮರೆಯಲಿಲ್ಲ.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಬರಲಿಲ್ಲ. ಎಂಟು ಗಂಟೆಗೆ ಬೀಗ ತೆಗೆಯುವ ಮೊದಲೇ ಬಂದು ನಿಲ್ಲುವವರು, ಒಂಬತ್ತಾದರೂ ಇಲ್ಲ. ಆಕೆ ಏಪ್ರನ್ ಬಿಚ್ಚಿ ಯಜಮಾನರ ಕೋಣೆಯ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದಳು. ಆಗ ರಸ್ತೆಯಲ್ಲಿ ಪೀಪಿಯ ಹಾರನ್ನು ಕೇಳಿಸಿತು. ಕಸದ ಲಾರಿ ಅರ್ಧ ತುಂಬಿದ ಹೊಟ್ಟೆಯೊಂದಿಗೆ, ನಾರುತ್ತಾ, ನೊಣಗಳ ಸಮೇತ ಸೀದಾ ಒಳಗೆ ಬಂತು. ಪೀಪಿಯ ಪಕ್ಕದಲ್ಲಿ ಮೇಸ್ತ್ರಿ ಕೂತಿದ್ದರು, ತೊಡೆಯ ಮೇಲೆ ಊಟದ ಡಬ್ಬಿ ಇಟ್ಟುಕೊಂಡು.

"ಏನಯ್ಯಾ ಇದು, ವರ್ಕ್‌ಶಾಪೋ ತಿಪ್ಪೆಯೋ?" ಎಂದು ಬಿಚ್ಚುವವನೊಬ್ಬ ಮೂಗು ಮುಚ್ಚಿಕೊಂಡ.

"ನನ್ನ ಕೇಳ್ಬೇಡಿ," ಎಂದ ಪೀಪಿ. "ಆಸ್ಪತ್ರೆ ಗಲ್ಲಿ ಕೆಳಗೆ ಇವರು ರಸ್ತೆ ಮಧ್ಯ ಬಂದು ನಿಂತುಬಿಟ್ರು. ಬೆಳಿಗ್ಗೆ ಐದೂವರೆಯಿಂದ ಅಲ್ಲೇ ಕೂತಿದ್ರಂತೆ. ಹತ್ತಿಸ್ಬೇಡ ಅಂದ್ರು. ನಾನು ಹಾರನ್ನು ಹೊಡೆದೆ. ಪಕ್ಕಕ್ಕೆ ಹೋಗ್ಲಿಲ್ಲ."

ಯಜಮಾನರು ಹೊರಗೆ ಬಂದರು. ಮೇಸ್ತ್ರಿ ನಿಧಾನವಾಗಿ ಇಳಿದರು. ಇಳಿಯುವಾಗ ಹಿಡಿಕೆ ಸಿಕ್ಕಿದೆಯೇ ಎಂದು ಕಣ್ಣಿನಿಂದ ನೋಡಿ ಹಿಡಿದರು. ಎಲ್ಲರಿಗೂ ಕೇಳಿಸುವ ಹಾಗೆ, ಆದರೆ ಕೂಗದೆ ಹೇಳಿದರು.

"ಯಜಮಾನರೇ, ನನ್ನ ಕೈಗೆ ಸ್ಪರ್ಶ ಇಲ್ಲ. ಐದು ವರ್ಷದಿಂದ ಇಲ್ಲ. ಮೂರು ವರ್ಷ ಕೀಲಿ ಹಿಡಿದಿದ್ದು ಈ ತಂಗಿ. ಅವಳು ರಜೆ ಹಾಕಿದಾಗ ಈ ಗಾಡೀನ ನಾನೊಬ್ಬನೇ ಮುಚ್ಚಿದೆ. ತಪ್ಪಾಗಿದೆ ಅಂತ ನನಗೆ ಅನುಮಾನ. ಬಿಚ್ಚಿ ನೋಡಿ."

ಯಜಮಾನರು ಲಾರಿಯ ಕೆಳಗೆ ಬಗ್ಗಿ ನೋಡಿದರು. ಆಮೇಲೆ ಆಕೆಯ ಕಡೆ ತಿರುಗಿ, "ನೀವೂ ಹೇಳ್ಲಿಲ್ಲ," ಎಂದರು.

"ಇಲ್ಲ," ಎಂದಳು ಆಕೆ.

ಗಾಡಿಯ ಕೆಳಗೆ ತಟ್ಟೆ ಇಟ್ಟು ಆಯಿಲು ಇಳಿಸಿದರು. ಆರು ದಿನದ ಹಿಂದೆ ಕೆಂಪಗೆ ಹಾಕಿದ್ದ ಆಯಿಲು ಹಳೆಯ ಚಹಾದ ಬಣ್ಣದಲ್ಲಿ ಇಳಿಯಿತು. ಕಸದ ನಾತದ ನಡುವೆಯೂ ಸುಟ್ಟ ವಾಸನೆ ಬೇರೆಯಾಗಿ ತಿಳಿಯಿತು. ತಳದ ಮುಚ್ಚಳ ಬಿಚ್ಚಿ, ಲಾಕ್ ನಟ್ಟು ಸಡಿಲಿಸಿ, ಆಕೆ ಕೀಲಿ ಹಾಕಿ ಸ್ಕ್ರೂವನ್ನು ಬಿಗಿ ಮಾಡುತ್ತಾ ಎಣಿಸಿದಳು. ಪಾನಾ ಕಟ್ ಎನ್ನುವುದಕ್ಕೆ ಎರಡು ಸುತ್ತು ಇರಬೇಕಾಗಿತ್ತು. ಮುಕ್ಕಾಲಿಗೇ ಕಟ್ ಎಂದಿತು.

"ಮುಕ್ಕಾಲು," ಎಂದಳು.

"ಒಂದೂಕಾಲು ಸುತ್ತು ನಟ್ಟಿನ ಜೊತೆ ಹೋಗಿದೆ," ಎಂದರು ಮೇಸ್ತ್ರಿ. ಬೇರೆಯವರ ಕೆಲಸದ ತಪ್ಪು ಹೇಳುವಾಗಿನ ದನಿ.

ಬ್ಯಾಂಡು ಹೊರಗೆ ಬಂದಾಗ ಒಳಮೈ ಕರಿಗಟ್ಟಿ ಗಾಜಿನಂತೆ ಹೊಳೆಯುತ್ತಿತ್ತು. ಇನ್ನು ಮೂರು ದಿನ, ಹೆಚ್ಚೆಂದರೆ ನಾಲ್ಕು ಎಂದರು ಯಜಮಾನರು. ಪೀಪಿ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಆ ದಿನ ಅವನು ಮತ್ತೆ ತಮಾಷೆ ಮಾಡಲಿಲ್ಲ.

ಹೊಸ ಬ್ಯಾಂಡನ್ನು ಆಯಿಲಿನಲ್ಲಿ ನೆನೆಹಾಕಿದರು. ಒಣಗಿದ್ದನ್ನು ಹಾಗೇ ಹಾಕಿದರೆ ಮೊದಲ ತಿರುವಿಗೇ ಸುಡುತ್ತದೆ. ಸಂಜೆಯ ಹೊತ್ತಿಗೆ ಬಾಕ್ಸು ಮತ್ತೆ ಗಾಡಿಯ ಹೊಟ್ಟೆ ಸೇರಿತು. ಹೊಂದಿಸುವವರು ಯಾರು ಎಂದು ಯಜಮಾನರು ಕೇಳಿದರು.

"ಅವಳೇ," ಎಂದರು ಮೇಸ್ತ್ರಿ.

"ತೊಳೆಯೋರು ಅವರು."

"ಮೂರು ವರ್ಷ ನಿಮ್ಮ ಗಾಡಿ ಯಾರ ಕೈಯಿಂದ ಹೋಗಿದೆ ಅಂದುಕೊಂಡ್ರಿ?"

ಆಕೆ ಎಡಗೈಯಲ್ಲಿ ಕೀಲಿ, ಬಲಗೈಯಲ್ಲಿ ಪಾನಾ ಹಿಡಿದು ಕೆಳಗೆ ಮಲಗಿದಳು. ಮೇಸ್ತ್ರಿ ಕೈ ಹಿಂದೆ ಕಟ್ಟಿ ನಿಂತರು. ಆಕೆಗೆ ಕಾಣುತ್ತಿದ್ದುದು ಅವರ ಚಪ್ಪಲಿ ಮಾತ್ರ. ಬಿಗಿ ಮಾಡಿದಳು, ಕಟ್ ಎಂದಿತು. ಹಿಂದಕ್ಕೆ ಒಂದು, ಎರಡು. ನಟ್ಟು ಬಿಗಿಯುವಾಗ ಸ್ಕ್ರೂ ಎಳೆಯಿತು. ಆಕೆ ಬಿಡಲಿಲ್ಲ, ಜಗಳವನ್ನೂ ಆಡಲಿಲ್ಲ. ಆಯಿಲು ತುಂಬಿದ ಮೇಲೆ ಪೀಪಿ ಗಾಡಿ ಹತ್ತಿ ರಿವರ್ಸಿಗೆ ಹಾಕಿದ. ಇಬ್ಬರೂ ಎಣಿಸಿದರು.

"ಎಷ್ಟು?" ಎಂದರು ಮೇಸ್ತ್ರಿ.

"ಒಂದು."

"ನನಗೂ ಒಂದೇ." ಹೋಗು ಎಂದು ಪೀಪಿಗೆ ಕೈ ಬೀಸಿದರು.

ಯಜಮಾನರು ಮೇಸ್ತ್ರಿಯನ್ನು ಬಾಗಿಲ ಮುಂದಿನ ಕುರ್ಚಿಯ ಮೇಲೆ ಕೂರಿಸಿದರು. ಕೆಟ್ಟ ಮಾತು ಒಂದೂ ಆಡಲಿಲ್ಲ. ಎಂಟು ದಿನ ಕೂತರು. ಒಂಬತ್ತನೆಯ ದಿನ ಬಂದು, ಆ ಕುರ್ಚಿಯಲ್ಲಿ ಸೊಂಟ ನೋಯುತ್ತೆ ಎಂದು ಹೇಳಿ, ತಮ್ಮ ಪಾನಾಗಳ ಪೆಟ್ಟಿಗೆಯನ್ನು ಆಕೆಯ ಸ್ಟೂಲಿನ ಪಕ್ಕದಲ್ಲಿಟ್ಟು ಮನೆಗೆ ಹೋದರು. ಸೊಂಟಕ್ಕೆ ಮಾತ್ರ ನೋವು ತಿಳಿಯುತ್ತಿತ್ತೆಂದರೆ ಅದೂ ಒಂದು ಪುಣ್ಯ ಎಂದು ಅವರ ಹೆಂಡತಿ ಆಮೇಲೆ ಹೇಳಿದರು.

ಬ್ಯಾಂಡಿನ ಕೆಲಸ ಆಕೆಗೆ ಬಂತು. ತೊಳೆಯುವುದಕ್ಕೆ ಬೇರೆಯವರನ್ನು ತಂದರು. ಅವರು ಏಳು ವಾಷರ್ ಕೊಟ್ಟರೆ ಆರು ಕೊಡುತ್ತಿದ್ದರು.

ವಾರದ ರಜೆಯ ದಿನ ಆಕೆ ಮೇಸ್ತ್ರಿಯ ಮನೆಗೆ ಹೋಗುತ್ತಿದ್ದಳು. ಎರಡು ಕೋಣೆ, ಬೀದಿಯ ಕಡೆಗೆ ಒಂದು ಕಿಟಕಿ, ಕಿಟಕಿಯ ಪಕ್ಕ ಮಂಚ. ಡಾಕ್ಟರು ಕಾಯಿಲೆಗೆ ಗೂಡ್ಸ್ ರೈಲಿನಷ್ಟು ಉದ್ದದ ಹೆಸರು ಹೇಳಿದ್ದರು. ನರಗಳದ್ದಂತೆ, ನಿಲ್ಲುವುದಿಲ್ಲವಂತೆ. ಮೊದಲ ವರ್ಷ ಮೊಣಕೈ ದಾಟಿತು. ಎರಡನೆಯ ವರ್ಷ ಕಾಲಿಗೆ ಇಳಿಯಿತು. ಅಕ್ಕ ಚಮಚದಲ್ಲಿ ಊಟ ಮಾಡಿಸುತ್ತಾ ಬಯ್ಯುತ್ತಿದ್ದರು.

"ನೋಡಮ್ಮಾ, ಮದುವೆಯಾದ ಹೊಸದರಲ್ಲಿ ಒಂದು ತುತ್ತು ತಿನ್ನಿಸಿ ಅಂದ್ರೆ ಕೈಯಲ್ಲಿ ಆಯಿಲಿದೆ ಅಂತಿದ್ರು. ಈಗ ನನ್ನ ಕೈಯಲ್ಲಿ ತಿಂತಾ ಇದ್ದಾರೆ. ಎಲ್ಲಾ ಬಡ್ಡಿ ಸಮೇತ ವಸೂಲಿ."

"ಉಪ್ಪು ಕಡಿಮೆ," ಎನ್ನುತ್ತಿದ್ದರು ಮೇಸ್ತ್ರಿ.

"ನಾಲಿಗೆ ಒಂದು ಚೆನ್ನಾಗಿದೆ ಇವರಿಗೆ."

ಆಕೆ ವಾರದಲ್ಲಿ ಮಾಡಿದ ಬಾಕ್ಸುಗಳನ್ನು ಒಂದೊಂದಾಗಿ ಹೇಳುತ್ತಿದ್ದಳು. ಯಾವ ಗಾಡಿ, ಎಷ್ಟು ಸುತ್ತು, ಎಷ್ಟು ಎಣಿಸಿದ್ದು. ಮೇಸ್ತ್ರಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೇಳುವುದು ಮುಗಿದ ಮೇಲೆ ಆಕೆ ಅವರ ಕೈಗೆ ಎಣ್ಣೆ ತಿಕ್ಕಿ ಬರುತ್ತಿದ್ದಳು. ತಿಕ್ಕಿದ್ದು ಅವರಿಗೆ ತಿಳಿಯುತ್ತಿರಲಿಲ್ಲ, ಆಕೆಗೆ ತಿಳಿಯುತ್ತಿತ್ತು. ಬೆರಳಿನ ಗೆಣ್ಣು, ಹಳೆಯ ಗಾಯದ ಗೆರೆ, ತೋರುಬೆರಳಿನ ತುದಿಯಲ್ಲಿ ಆ ಚೂರು ಹೋದ ಜಾಗ.

ನಾಲ್ಕು ವರ್ಷ ಹೀಗೆ. ಮೇಸ್ತ್ರಿ ಹೋದದ್ದು ಒಂದು ಬುಧವಾರ, ಆಕೆ ನೀರಿನ ಟ್ಯಾಂಕರಿನ ಕೆಳಗೆ ಮಲಗಿ ಹಿಂದಕ್ಕೆ ಸುತ್ತು ಎಣಿಸುತ್ತಿದ್ದ ಹೊತ್ತಿನಲ್ಲಿ. ಯಜಮಾನರು ಬಂದು ಹೇಳಿದರು. ಆಕೆ ಎಣಿಕೆ ತಪ್ಪಬಾರದೆಂದು ಎರಡು ಮುಗಿಸಿ, ನಟ್ಟು ಬಿಗಿದು, ಆಮೇಲೆ ಎದ್ದು ಬಂದಳು.

ಅದಕ್ಕೆ ಮೂರು ದಿನ ಮೊದಲು ಆಕೆ ಕೊನೆಯ ಸಲ ಅವರನ್ನು ನೋಡಿದ್ದು. ಬೆಳಿಗ್ಗೆ ಏಳೂವರೆ. ಕಿಟಕಿ ತೆರೆದಿತ್ತು. ಮೇಸ್ತ್ರಿಯ ದನಿ ಅಷ್ಟರಲ್ಲಿ ತುಂಬಾ ಸಣ್ಣದಾಗಿತ್ತು, ಹತ್ತಿರ ಬಗ್ಗಿ ಕೇಳಬೇಕಾಗಿತ್ತು. ಬೀದಿಯ ಕೊನೆಯಲ್ಲಿ ಹಾರನ್ನು ಕೇಳಿಸಿತು.

"ಬಂದ ನೋಡಿ ನಿಮ್ಮ ಅಳಿಯ," ಎಂದು ಅಕ್ಕ ಒಳಗಿನಿಂದ ತಮಾಷೆ ಮಾಡಿದರು. ಪೀಪಿ ಆ ಬೀದಿಯಲ್ಲಿ ಬೇಕೆಂದೇ ಎರಡು ಸಲ ಜಾಸ್ತಿ ಹೊಡೆಯುತ್ತಿದ್ದ.

ಅದೇ ಗಾಡಿ. ಆಕೆ ಹೊಂದಿಸಿದ ಅದೇ ಬ್ಯಾಂಡು, ನಾಲ್ಕು ವರ್ಷ ಓಡಿದ್ದು. ಲಾರಿ ಬೀದಿಯ ತುದಿಯಲ್ಲಿ ನಿಂತು, ಹಿಂದಕ್ಕೆ ಬರುವುದಕ್ಕೆ ತಯಾರಾಯಿತು. ಗೇರಿನ ಹಿಡಿ ರಿವರ್ಸಿಗೆ ಬಿದ್ದ ಸದ್ದು ಕಿಟಕಿಯ ತನಕ ಕೇಳಿಸಿತು. ಮೇಸ್ತ್ರಿ ಕಣ್ಣು ಮುಚ್ಚಿದರು. ಆಕೆ ಮನಸ್ಸಿನಲ್ಲೇ ಎಣಿಸಿದಳು. ಒಂದು. ಗಾಡಿ ಇನ್ನೂ ಅಲ್ಲೇ ಇತ್ತು. ಎರಡು ಎನ್ನುವುದು ಅರ್ಧ ಮುಗಿದಾಗ ಹಿಡಿಯಿತು, ಲಾರಿ ಹಿಂದಕ್ಕೆ ಬಂತು. ಬ್ಯಾಂಡು ಸವೆದಿದೆ, ನಾಳೆಯೇ ಪೀಪಿಗೆ ಹೇಳಿ ಗಾಡಿ ತರಿಸಬೇಕು ಎಂದುಕೊಂಡಳು.

ಮೇಸ್ತ್ರಿ ಕಣ್ಣು ತೆರೆದರು. ಅವರ ಕೈ ಆಕೆಯ ಕೈಯಲ್ಲಿತ್ತು. ಎಣ್ಣೆ ಇನ್ನೂ ಆರಿರಲಿಲ್ಲ.

"ನನಗೆ ಒಂದು ಬಂತು," ಎಂದರು. "ನೀನು ಎಷ್ಟು ಎಣಿಸಿದೆ ತಂಗಿ?"